ಅಜ್ಜನ ಎಚ್‌ಎಂಟಿ ಟ್ರ್ಯಾಕ್ಟರ್ ಮತ್ತೆ ಸ್ಟಾರ್ಟ್ ಆದ ಭಾನುವಾರ

ಇಯರ್‌ಫೋನ್ ಹಾಕ್ಕೊಂಡಿದ್ರೆ ವಾಲ್ಯೂಮ್ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ. ಒಂದು ಸದ್ದು ಕೇಳಿಸ್ತೀನಿ.

(ಟ್ರ್ಯಾಕ್ಟರ್ ಸದ್ದು)

ಕೇಳಿಸ್ತಾ? ಡಗ್, ಡಗ್, ಡಗ್ ಅಂತ ನಡುವೆ ಗ್ಯಾಪ್ ಬಿಟ್ಟು ಬಿಟ್ಟು ಹೊಡ್ಕೊಳ್ತಿದೆಯಲ್ಲ, ಅದು ಎರಡು ಸಿಲಿಂಡರ್‌ನ ಇಂಜಿನ್. ನಮ್ಮ ಅಜ್ಜ 1979ರಲ್ಲಿ ತಗೊಂಡ ಎಚ್‌ಎಂಟಿ ಜೆಟರ್ 2511 ಟ್ರ್ಯಾಕ್ಟರ್. ಹತ್ತು ವರ್ಷ ಹುಣಸೆಮರದ ಕೆಳಗೆ ಸುಮ್ಮನೆ ನಿಂತಿದ್ದು, ಕಳೆದ ಡಿಸೆಂಬರ್‌ನ ಕೊನೆಯ ಭಾನುವಾರ ಮತ್ತೆ ಸ್ಟಾರ್ಟ್ ಆಯ್ತು. ಅವತ್ತು ನಮ್ಮ ಮನೆತನದ 46 ಜನ ಒಂದೇ ಕಣದಲ್ಲಿ ಸೇರಿದ್ವಿ. ಹಾಗೆ ಸೇರಿ ಇಪ್ಪತ್ತು ವರ್ಷದ ಮೇಲಾಗಿತ್ತು.

ಇನ್‌ಸ್ಟಾದಲ್ಲಿ ಅದರ ಒಂದು ಫೋಟೋ ಹಾಕಿದ್ದೆ. ‘ನಮ್ಮನೇಲೂ ಹಳೇ ಟ್ರ್ಯಾಕ್ಟರ್ ಇದೆ, ನಾವೂ ಹಿಂಗೆ ಮಾಡಬೇಕು, ಹೇಗೆ ಮಾಡಿದ್ರಿ?’ ಅಂತ ತುಂಬಾ ಜನ ಕೇಳಿದ್ರಿ. ಅದಕ್ಕೇ ಈ ಎಪಿಸೋಡ್. ಹೇಗೆ ಮಾಡೋದು ಅಂತಾನೂ ಹೇಳ್ತೀನಿ, ಯಾಕೆ ಮಾಡಿದ್ವಿ ಅಂತಾನೂ ಹೇಳ್ತೀನಿ. ಎರಡನೇದು ಹೇಳೋದು ಸ್ವಲ್ಪ ಕಷ್ಟ.

ನಮ್ಮೂರು ಹರಿಹರ ತಾಲೂಕಿನಲ್ಲಿ, ಮಲೇಬೆನ್ನೂರಿನ ಹತ್ರ. ಭದ್ರಾ ನಾಲೆಯ ನೀರು ಬರೋ ಊರು, ಸುತ್ತ ಎಲ್ಲಾ ಭತ್ತದ ಗದ್ದೆ. ನಾನು ಓದಿದ್ದು ಬಿ.ಕಾಂ., ಈಗ ಇರೋದು ಬೆಂಗಳೂರಲ್ಲಿ. ಟ್ರ್ಯಾಕ್ಟರ್ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಅದರ ಸಾಲದ ಕಂತು ವರ್ಷಕ್ಕೆ ಎರಡು ಸಲ ಬರುತ್ತೆ.

ಶುರುವಾಗಿದ್ದು ಒಂದು ವಾಟ್ಸಾಪ್ ಫೋಟೋದಿಂದ. ದೊಡ್ಡಪ್ಪನ ಮಗ, ನಮ್ಮಣ್ಣ, ಸೆಪ್ಟೆಂಬರ್‌ನಲ್ಲಿ ಫ್ಯಾಮಿಲಿ ಗ್ರೂಪ್‌ಗೆ ಒಂದು ಫೋಟೋ ಹಾಕಿದ. ಬಳ್ಳಿ ಹಬ್ಬಿಕೊಂಡಿದ್ದ ಎಚ್‌ಎಂಟಿ. ಕೆಳಗೆ ಒಂದೇ ಸಾಲು: ‘ಗುಜರಿಯವರು 45 ಸಾವಿರ ಅಂದಿದ್ದಾರೆ. ಕೊನೇ ಫೋಟೋ.’

ಗ್ರೂಪಲ್ಲಿ ಎಲ್ಲರೂ ಅಳೋ ಇಮೋಜಿ ಹಾಕಿದ್ರು. ನಾನೂ ಹಾಕಿದೆ. ಇಮೋಜಿಗೆ ದುಡ್ಡೇನು ಕೊಡಬೇಕಾ?

ಆದರೆ ಅಜ್ಜಿಗೆ ಯಾರೋ ಆ ಫೋಟೋ ತೋರಿಸಿಬಿಟ್ಟರು. ಅಜ್ಜಿಗೆ 84 ವರ್ಷ. ಅವತ್ತು ಸಂಜೆ ನನಗೆ ಫೋನ್ ಬಂತು. ‘ಮಾರೋದಾದ್ರೆ ಮಾರ್ರವ್ವಾ, ನಾನೇನು ಬ್ಯಾಡ ಅನ್ನಲ್ಲ. ಒಂದ್ಸಲ ಅದರ ಸದ್ದು ಕೇಳ್ಸಿ ಮಾರ್ರಿ.’

ಅಷ್ಟೇ ಹೇಳಿ ಫೋನ್ ಇಟ್ಟರು.

ನನ್ನ ತಲೇಲಿ ಮೊದಲು ಓಡಿದ್ದು ಲೆಕ್ಕ. ಬಿ.ಕಾಂ. ಮಾಡಿದವರಿಗೆ ಸವಕಳಿ ಅಂದ್ರೆ ಗೊತ್ತು. ಒಂದು ಯಂತ್ರದ ಬೆಲೆಯನ್ನ ಪ್ರತಿ ವರ್ಷ ಪುಸ್ತಕದಲ್ಲಿ ಇಳಿಸ್ತಾ ಹೋಗೋದು. ಉಳಿದ ಬೆಲೆಯ ಮೇಲೆ ವರ್ಷಕ್ಕೆ ಶೇ. 15 ಕಳೀತಾ ಹೋದರೆ, 100 ರೂಪಾಯಿಯ ವಸ್ತು 45 ವರ್ಷಕ್ಕೆ ಸುಮಾರು ಏಳು ಪೈಸೆ ಆಗುತ್ತೆ. ಆದರೆ ಈ ಪದ್ಧತಿಯಲ್ಲಿ ಒಂದು ತಮಾಷೆ ಇದೆ. ಎಷ್ಟೇ ವರ್ಷ ಕಳೆದರೂ ಲೆಕ್ಕ ಪೂರ್ತಿ ಸೊನ್ನೆ ಆಗಲ್ಲ. ಏನೋ ಒಂಚೂರು ಉಳಿದೇ ಉಳಿಯುತ್ತೆ. ಕಾಲೇಜಲ್ಲಿ ಇದು ಎರಡು ಮಾರ್ಕಿನ ಪ್ರಶ್ನೆ. ನಮ್ಮನೇಲಿ ಆ ಒಂಚೂರು ಏನು ಅಂತ ನೋಡೋಣ ಅನ್ನಿಸ್ತು.

ಈ ಟ್ರ್ಯಾಕ್ಟರ್‌ಗಳ ಕಥೆ ಸ್ವಲ್ಪ ಹೇಳಿಬಿಡ್ತೀನಿ, ಯಾಕಂದ್ರೆ ನಮ್ಮ ವಯಸ್ಸಿನವರಿಗೆ ಎಚ್‌ಎಂಟಿ ಅಂದ್ರೆ ಅಜ್ಜನ ಕೈಗಡಿಯಾರ ಅಷ್ಟೇ. ಎಚ್‌ಎಂಟಿ 1953ರಲ್ಲಿ ಬೆಂಗಳೂರಲ್ಲಿ ಶುರುವಾದ ಸರ್ಕಾರಿ ಕಂಪನಿ. ಮೊದಲು ಮಾಡಿದ್ದು ಯಂತ್ರ ತಯಾರಿಸೋ ಯಂತ್ರಗಳನ್ನ, ಆಮೇಲೆ ವಾಚು. 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ಮಾಡೋಕೆ ಶುರು ಮಾಡಿದ್ರು, ಚೆಕೊಸ್ಲೊವಾಕಿಯಾದ ಜೆಟರ್ ಕಂಪನಿಯ ತಂತ್ರಜ್ಞಾನದಲ್ಲಿ. 25 ಎಚ್‌ಪಿಯ ನಮ್ಮ 2511 ಆ ಕಾಲದ್ದು. ಪಿಂಜೋರ್‌ನ ಟ್ರ್ಯಾಕ್ಟರ್ ಘಟಕ ಮುಚ್ಚೋಕೆ 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಡ್ತು. ಮಾಡಿದ ಕಾರ್ಖಾನೆ ಇಲ್ಲ, ಗಾಡಿ ಮಾತ್ರ ನಮ್ಮ ಹುಣಸೆಮರದ ಕೆಳಗಿದೆ.

ಗ್ರೂಪಲ್ಲಿ ನಾನು ಬರೆದೆ: ‘ಅಜ್ಜಿಗೆ ಸದ್ದು ಕೇಳಬೇಕಂತೆ. ಡಿಸೆಂಬರ್ ಕೊನೇ ಭಾನುವಾರ ಎಲ್ಲರೂ ಬನ್ನಿ. ಯಾರ ಮನೇಲಿ ಹಳೇ ಟ್ರ್ಯಾಕ್ಟರ್ ಇದೆಯೋ ತನ್ನಿ.’ ಆ ತಿಂಗಳು ಯಾಕೆ ಅಂದ್ರೆ, ಆಗ ಮಳೆಗಾಲದ ಭತ್ತ ಕೊಯ್ದಾಗಿರುತ್ತೆ, ಬೇಸಿಗೆ ನಾಟಿ ಇನ್ನೂ ಶುರುವಾಗಿರಲ್ಲ. ಗದ್ದೆ ಒಣಗಿರುತ್ತೆ, ಜನಕ್ಕೂ ಬಿಡುವು.

ಎರಡು ಮನೆಯವರು ಹೂಂ ಅಂದ್ರು. ಅತ್ತೆ ಮನೆಯಿಂದ ಮ್ಯಾಸ್ಸಿ ಫರ್ಗುಸನ್ 1035. ಅಜ್ಜಿಯ ತವರಿನಿಂದ ಬಿ-275. ಮ್ಯಾಸ್ಸಿಯನ್ನ ಇಲ್ಲಿ ಮಾಡಿದ್ದು 1960ರಲ್ಲಿ ಚೆನ್ನೈನಲ್ಲಿ ಶುರುವಾದ ಟಾಫೆ. ಬಿ-275 ಮಾಡಿದ್ದು ಮಹೀಂದ್ರಾ, 1963ರಲ್ಲಿ ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಕಟ್ಟಿದ ಕಂಪನಿಯಲ್ಲಿ. ನಮ್ಮ ಊರುಗಳ ಕಡೆ ಎತ್ತು ಹೋಗಿ ಟ್ರ್ಯಾಕ್ಟರ್ ಬಂದಿದ್ದು ಇಂಥ ಗಾಡಿಗಳ ಜೊತೇಲೇ.

ಇಲ್ಲಿಗೆ ಪ್ಲಾನ್ ರೆಡಿ. ಆದರೆ ನಮ್ಮಪ್ಪ ಬರಲ್ಲ ಅಂದ್ರು.

ಈಗ ಕಷ್ಟದ ಭಾಗ. ಇದನ್ನ ಹೇಳಬಹುದಾ ಅಂತ ಅಪ್ಪ, ದೊಡ್ಡಪ್ಪ, ಅಣ್ಣ ಮೂವರ ಹತ್ರವೂ ಕೇಳಿದೀನಿ. ಮೂವರೂ ಹೂಂ ಅಂದಮೇಲೇ ರೆಕಾರ್ಡ್ ಮಾಡ್ತಿರೋದು.

1999. ನನಗೆ ಎರಡು ವರ್ಷ, ಅಣ್ಣನಿಗೆ ಒಂಬತ್ತು. ಗದ್ದೆಯಿಂದ ಮನೆಗೆ ವಾಪಸ್ ಬರ್ತಾ ಅಪ್ಪ ಟ್ರ್ಯಾಕ್ಟರ್ ಓಡಿಸ್ತಿದ್ರು. ಅಣ್ಣ ಮಡ್‌ಗಾರ್ಡ್ ಮೇಲೆ ಕೂತಿದ್ದ. ಹಳ್ಳಿಯಲ್ಲಿ ಬೆಳೆದವರು ಎಲ್ಲರೂ ಹಾಗೆ ಕೂತಿರ್ತೀವಿ. ಬದು ಹತ್ತಿ ಇಳಿಯುವಾಗ ಗಾಡಿ ಕುಲುಕಿತು. ಅಣ್ಣ ಜಾರಿ ಕೆಳಗೆ ಬಿದ್ದ. ಹಿಂದಿನ ಗಾಲಿ ಬಲಗಾಲಿನ ಮೇಲೆ ಹೋಯ್ತು.

ಅಣ್ಣ ಬದುಕಿದ. ಮೂರು ಆಪರೇಷನ್ ಆಯ್ತು. ಇವತ್ತಿಗೂ ಕುಂಟುತ್ತಲೇ ನಡೀತಾನೆ. ದಾವಣಗೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ.

ಎರಡು ವರ್ಷಕ್ಕೆ ಮನೆ ಪಾಲಾಯ್ತು. ಪಾಲಾಗೋಕೆ ಬೇರೆ ಕಾರಣಗಳೂ ಇದ್ವು, ಯಾವ ಮನೇಲಿ ಇರಲ್ಲ? ಗದ್ದೆ, ಮನೆ, ಪಾತ್ರೆ, ಎಮ್ಮೆ ಎಲ್ಲಾ ಹಂಚಿದ್ರು. ಟ್ರ್ಯಾಕ್ಟರನ್ನ ಅರ್ಧ ಮಾಡೋಕಾಗಲ್ಲವಲ್ಲ, ಅದು ದೊಡ್ಡಪ್ಪನ ಕಡೆಗೆ ಹೋಯ್ತು. ಅಪ್ಪ ‘ನಂಗೆ ಬ್ಯಾಡ’ ಅಂದಿದ್ರಂತೆ. ಅಲ್ಲಿಂದ ಈಚೆಗೆ ಅಪ್ಪ ಯಾವ ಟ್ರ್ಯಾಕ್ಟರನ್ನೂ ಹತ್ತಿಲ್ಲ. ಗದ್ದೆ ಕೆಲಸಕ್ಕೆ ಬಾಡಿಗೆ ಗಾಡಿ ಕರೆಸ್ತಾರೆ, ದೂರ ಬದುವಿನ ಮೇಲೆ ನಿಂತಿರ್ತಾರೆ. ಅಣ್ಣತಮ್ಮ ಮದುವೆ ಮನೇಲಿ ಸಿಕ್ಕರೆ ‘ಊಟ ಆಯ್ತಾ?’, ‘ಆಯ್ತು.’ ಅಷ್ಟೇ ಮಾತು.

ಹಾಗಾಗಿ ನಾನು ಕರೀತಾ ಇದ್ದದ್ದು ಬರೀ ಗೆಟ್‌ಟುಗೆದರ್‌ಗೆ ಅಲ್ಲ. ಅಪ್ಪ ತಿರುಗಿ ನೋಡದ ವಸ್ತುವಿನ ಸುತ್ತ ಎಲ್ಲರನ್ನೂ ಸೇರಿಸೋಕೆ ಹೊರಟಿದ್ದೆ. ಇದು ನನಗೆ ಹೊಳೆದಿದ್ದು ಅಪ್ಪ ಬರಲ್ಲ ಅಂದಮೇಲೆ. ಕ್ಯಾನ್ಸಲ್ ಮಾಡಿಬಿಡೋಣ ಅಂತ ಅಣ್ಣನಿಗೆ ಫೋನ್ ಮಾಡಿದೆ.

‘ಯಾಕೆ ಕ್ಯಾನ್ಸಲ್?’ ಅಂದ. ‘ಬಿದ್ದಿದ್ದು ನಾನು. ನಾನು ಬರ್ತೀನಿ. ರೂಲ್ಸ್ ನಾನೇ ಬರೀತೀನಿ.’

ಅವನು ಬರೆದ ರೂಲ್ಸ್ ಓದ್ತೀನಿ. ನೀವು ಇಂಥ ಕಾರ್ಯಕ್ರಮ ಮಾಡೋದಾದ್ರೆ ಇದನ್ನ ಹಾಗೇ ತಗೊಳ್ಳಿ.

ಒಂದು, ಟ್ರ್ಯಾಕ್ಟರ್ ಮೇಲೆ ಒಬ್ಬರೇ, ಓಡಿಸೋರು ಮಾತ್ರ. ಮಡ್‌ಗಾರ್ಡ್ ಮೇಲೆ ದೊಡ್ಡವರೂ ಇಲ್ಲ, ಮಕ್ಕಳೂ ಇಲ್ಲ, ರೀಲ್ಸ್‌ಗೂ ಇಲ್ಲ.

ಎರಡು, ಹಗ್ಗ ಕಟ್ಟಿ ಗೆರೆ ಮಾಡಿ. ಗಾಡಿ ಹಗ್ಗದ ಆ ಕಡೆ, ಮಕ್ಕಳು ಈ ಕಡೆ. ಇಂಜಿನ್ ಆಫ್ ಆಗಿ ಬ್ರೇಕ್ ಹಾಕಿದ ಮೇಲೇ ಫೋಟೋ.

ಮೂರು, ಹಿಂದೆ ತಿರುಗೋ ಪಿಟಿಒ ಶಾಫ್ಟ್ ಇದೆಯಲ್ಲ, ಅದಕ್ಕೆ ಮುಚ್ಚಳ ಇಲ್ಲದಿದ್ರೆ ಚಾಲೂನೇ ಮಾಡಬೇಡಿ. ಸೀರೆ ಸೆರಗು, ಪಂಚೆ, ಟವೆಲ್ ಒಂದು ಕ್ಷಣಕ್ಕೆ ಸುತ್ತಿಕೊಳ್ಳುತ್ತೆ.

ನಾಲ್ಕು, ಎಳೆಯೋ ಸ್ಪರ್ಧೆ ಇಲ್ಲ. ಯಾವುದು ಜಾಸ್ತಿ ಎಳೆಯುತ್ತೆ ಅನ್ನೋ ಪಂದ್ಯದಲ್ಲಿ ಮುಂದಿನ ಗಾಲಿ ಎದ್ದು ಗಾಡಿ ಹಿಂದಕ್ಕೆ ಮಗುಚಬಹುದು. ಹಳೇ ಗಾಡಿಗಳಲ್ಲಿ ಡ್ರೈವರ್‌ನ ಕಾಪಾಡೋ ಕಬ್ಬಿಣದ ಚೌಕಟ್ಟು ಇರಲ್ಲ.

ಈ ಕೊನೇದರ ಹಿಂದೆ ಒಂದು ಕಥೆ ಇದೆ. ಮೊದಲಿನ ಕಾಲದ ಟ್ರ್ಯಾಕ್ಟರ್‌ಗಳಲ್ಲಿ ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡ್ರೆ ಮುಂಭಾಗ ಮೇಲೆದ್ದು ಹಿಂದಕ್ಕೆ ಬೀಳ್ತಿತ್ತು, ಓಡಿಸೋರು ಅಡಿಯಾಗ್ತಿದ್ರು. ಐರ್ಲೆಂಡ್‌ನಲ್ಲಿ ಹುಟ್ಟಿದ ಹ್ಯಾರಿ ಫರ್ಗುಸನ್ ಅನ್ನೋ ಮೆಕ್ಯಾನಿಕ್ ಇದಕ್ಕೆ ದಾರಿ ಹುಡುಕಿದರು. ನೇಗಿಲನ್ನ ಸರಪಳಿಯಲ್ಲಿ ಎಳೆಯೋ ಬದಲು ಮೂರು ತೋಳಲ್ಲಿ ಗಾಡಿಗೇ ಜೋಡಿಸಿ, ಹೈಡ್ರಾಲಿಕ್‌ನಿಂದ ಎತ್ತಿ ಇಳಿಸೋ ಹಾಗೆ ಮಾಡಿದ್ರು. ಇವತ್ತು ಜಗತ್ತಿನ ಹೆಚ್ಚುಕಮ್ಮಿ ಎಲ್ಲಾ ಟ್ರ್ಯಾಕ್ಟರ್ ಹಿಂದೆ ಇರೋದು ಅದೇ. ಮ್ಯಾಸ್ಸಿ ಫರ್ಗುಸನ್‌ನಲ್ಲಿರೋ ಫರ್ಗುಸನ್ ಅವರೇ. ಆದರೆ ಭಾರವನ್ನ ಆ ತೋಳುಗಳಿಗೆ ಬಿಟ್ಟು ಬೇರೆ ಎತ್ತರದ ಜಾಗಕ್ಕೆ ಕಟ್ಟಿ ಎಳೆದರೆ ಅದೇ ಹಳೇ ಅಪಾಯ ವಾಪಸ್ ಬರುತ್ತೆ. ನಮ್ಮ ಕಡೆ ಜನ ಮಾಡೋದು ಅದನ್ನೇ.

ತರೋದು ಹೇಗೆ? ಟ್ರ್ಯಾಕ್ಟರ್‌ನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ರಿನ್ಯೂ ಮಾಡಿಸ್ತಾ ಇರಬೇಕು. ಈ ಮೂರರಲ್ಲಿ ಒಂದಕ್ಕೂ ಆರ್‌ಸಿ ಚಾಲ್ತಿಯಲ್ಲಿಲ್ಲ, ಇನ್ಶೂರೆನ್ಸ್ ಇಲ್ಲ. ಹಾಗಾಗಿ ರಸ್ತೆಗೆ ಇಳಿಸಲಿಲ್ಲ, ಎರಡನ್ನ ಲಾರಿಯಲ್ಲಿ ತಂದ್ವಿ. ಖರ್ಚು ಎಲ್ಲಾ ಶೀಟ್‌ನಲ್ಲಿ ಹಾಕಿ ಗ್ರೂಪಿಗೆ ಕಳಿಸಿದೆ: ಲಾರಿ, ಬ್ಯಾಟರಿ, ಆಯಿಲ್, ಫಿಲ್ಟರ್, ಶಾಮಿಯಾನ, ಅಡುಗೆಯವರು. ಮನೆಗೆ ಇಷ್ಟು ಅಂತ ಭಾಗ. ನೆಂಟರ ಮಧ್ಯೆ ಲೆಕ್ಕ ಬೇಡ ಅಂತಾರೆ. ನನ್ನ ಅನುಭವದಲ್ಲಿ ಲೆಕ್ಕ ಮೊದಲೇ ಬರೆದಿಟ್ಟರೆ ನೆಂಟಸ್ತನ ಉಳಿಯುತ್ತೆ.

ಹತ್ತು ವರ್ಷ ನಿಂತ ಇಂಜಿನ್‌ಗೆ ಬ್ಯಾಟರಿ ಕೊಟ್ಟು ಸೀದಾ ಕೀ ತಿರುಗಿಸಬಾರದು. ಊರಿನ ಮೇಸ್ತ್ರಿ ಮಾಡಿದ್ದು ಹೀಗೆ. ಮೊದಲು ಇಂಜೆಕ್ಟರ್ ಬಿಚ್ಚಿ ಸಿಲಿಂಡರ್‌ಗೆ ಸ್ವಲ್ಪ ಆಯಿಲ್ ಬಿಟ್ಟು ಒಂದು ರಾತ್ರಿ ಇಟ್ಟರು. ಬೆಳಿಗ್ಗೆ ಕೈಯಲ್ಲಿ ತಿರುಗಿಸಿ ಜಾಮ್ ಆಗಿಲ್ಲ ಅಂತ ನೋಡಿಕೊಂಡರು. ಹಳೇ ಡೀಸೆಲ್ ಪೂರ್ತಿ ಇಳಿಸಿದರು, ಅದು ಡೀಸೆಲ್ ಅಂತ ಹೇಳೋ ಹಾಗೇ ಇರಲಿಲ್ಲ. ಟ್ಯಾಂಕ್ ತೊಳೆದು, ಫಿಲ್ಟರ್, ಆಯಿಲ್ ಬದಲಾಯಿಸಿದರು. ಏರ್ ಕ್ಲೀನರ್ ಒಳಗೆ ಇಲಿ ಸಂಸಾರ ಮಾಡಿತ್ತು. ಕೊನೆಗೆ ಮೇಸ್ತ್ರಿ ನನಗೆ ಹೇಳಿದ್ದು: ‘ಸ್ಟಾರ್ಟ್ ಮಾಡೋಕೆ ಮುಂಚೆ ನಿಲ್ಸೋದು ಹೆಂಗೆ ಅಂತ ನೋಡ್ಕೋಬೇಕ್ರಿ.’ ಹಳೇ ಡೀಸೆಲ್ ಇಂಜಿನ್ ಕೆಲವೊಮ್ಮೆ ಕೈ ಮೀರಿ ಜೋರಾಗಿ ಓಡುತ್ತೆ. ಸ್ಟಾಪ್ ಲಿವರ್ ಕೆಲಸ ಮಾಡುತ್ತಾ ಅಂತ ಮೊದಲೇ ನೋಡಿ, ಗಾಳಿ ಹೋಗೋ ಬಾಯಿ ಮುಚ್ಚೋಕೆ ಒಂದು ಹಲಗೆ ಪಕ್ಕದಲ್ಲಿ ಇಟ್ಟಿದ್ದರು.

ಭಾನುವಾರ ಬಂತು. ಕಣ ಸಗಣಿ ಹಾಕಿ ಸಾರಿಸಿ, ರಂಗೋಲಿ ಬಿಟ್ಟಿದ್ರು. ಬೆಳಿಗ್ಗೆ ಮಂಡಕ್ಕಿ ಮೆಣಸಿನಕಾಯಿ, ಮಧ್ಯಾಹ್ನಕ್ಕೆ ಹೋಳಿಗೆ. ಮೂರು ಗಾಡಿಗೂ ಚೆಂಡು ಹೂವಿನ ಹಾರ. ಅಜ್ಜಿಗೆ ಹಗ್ಗದ ಈಚೆ ಕುರ್ಚಿ ಹಾಕಿದ್ವಿ.

ಅಪ್ಪ ಬಂದ್ರು. ಅಮ್ಮ ಏನು ಹೇಳಿ ಕರ್ಕೊಂಡು ಬಂದ್ರೋ ಗೊತ್ತಿಲ್ಲ. ಬಂದವರು ಅಡುಗೆ ಶೆಡ್ಡಿನ ಪಕ್ಕ, ಎಲ್ಲರಿಗಿಂತ ಹಿಂದೆ ನಿಂತ್ರು.

ಮ್ಯಾಸ್ಸಿ ಮೊದಲ ಸೆಲ್ಫಿಗೇ ಸ್ಟಾರ್ಟ್. ಬಿ-275 ನಾಲ್ಕನೇ ಸಲಕ್ಕೆ. ಎಚ್‌ಎಂಟಿ ಮಾತ್ರ ಮೇಲೇಳಲಿಲ್ಲ. ಮೇಸ್ತ್ರಿ ಹಿಂದಿನ ದಿನ ಒಮ್ಮೆ ಸ್ಟಾರ್ಟ್ ಮಾಡಿ ನೋಡಿದ್ದರು, ಈಗ ಹೊಗೆಯೂ ಇಲ್ಲ. ದೊಡ್ಡಪ್ಪ ಸೀಟಿನ ಮೇಲೆ ಕೂತು ಮತ್ತೆ ಮತ್ತೆ ಕೀ ತಿರುಗಿಸ್ತಿದ್ರು. ಬ್ಯಾಟರಿ ಇಳೀತಾ ಬಂತು. 46 ಜನ ಸುಮ್ಮನೆ ನೋಡ್ತಾ ನಿಂತಿದೀವಿ. ನನಗೆ ಅಲ್ಲೇ ಭೂಮಿ ಬಾಯ್ಬಿಡಬಾರದಾ ಅನ್ನಿಸ್ತಿತ್ತು.

ಆಗ ಹಿಂದಿನಿಂದ ಅಪ್ಪನ ದನಿ ಬಂತು. ‘ಏರ್ ಹಿಡ್ದೈತೆ ಅದು. ಬ್ಯಾಟ್ರಿ ಸಾಯಿಸ್ಬ್ಯಾಡ.’

ದೊಡ್ಡಪ್ಪ ತಿರುಗಿ ನೋಡಿದ್ರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಪ್ಪ ಅಂದ್ರು, ‘ಹಂಗಾರೆ ಬಂದು ತಗಿ.’

ಡೀಸೆಲ್ ಲೈನ್‌ನಲ್ಲಿ ಗಾಳಿ ಸಿಕ್ಕಿಕೊಂಡರೆ ಇಂಜಿನ್‌ಗೆ ಎಣ್ಣೆ ಹೋಗಲ್ಲ. ಫಿಲ್ಟರ್ ಮೇಲಿನ ಸ್ಕ್ರೂ ಸಡಿಲ ಮಾಡಿ, ಕೈಪಂಪ್ ಒತ್ತುತ್ತಾ, ಗುಳ್ಳೆ ಬರೋದು ನಿಂತು ಬರೀ ಡೀಸೆಲ್ ಬರೋ ತನಕ ಕಾಯಬೇಕು. ಆಮೇಲೆ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಹಾಗೇ ಮಾಡಬೇಕು. ಅಪ್ಪ ಹಗ್ಗ ದಾಟಿ ಬಂದು, ಪಂಚೆ ಮೇಲೆ ಕಟ್ಟಿ, ಅಣ್ಣನ ಕೈಯಿಂದ ಸ್ಪ್ಯಾನರ್ ಇಸ್ಕೊಂಡ್ರು. ಪಂಪ್ ಒತ್ತಿದ್ದು ಅಣ್ಣ. ‘ಹೂಂ, ಒತ್ತು. ತಡಿ. ಒತ್ತು.’ ಇಪ್ಪತ್ತು ನಿಮಿಷ ಅವರಿಬ್ಬರ ಮಧ್ಯೆ ನಡೆದಿದ್ದು ಇಷ್ಟೇ ಮಾತು. ದೊಡ್ಡಪ್ಪ ಮೇಲಿಂದ ‘ಆ ನಟ್ ಅಲ್ಲ, ಈ ಕಡೀದು’ ಅಂದ್ರು. ಅಪ್ಪ ‘ನಂಗೊತ್ತು, ನೀ ಸುಮ್ನಿರು’ ಅಂದ್ರು. ಇಪ್ಪತ್ತು ವರ್ಷದ ಮೇಲೆ ಅಣ್ಣತಮ್ಮ ಜಗಳ ಆಡಿದ್ದು ನೋಡಿ ನನಗೆ ಎಷ್ಟು ಖುಷಿಯಾಯ್ತು ಅಂದ್ರೆ, ರೆಕಾರ್ಡರ್ ಆನ್ ಮಾಡೋದೇ ಮರೆತೆ.

ಆಮೇಲೆ ಸ್ಟಾರ್ಟ್ ಆಯ್ತು. ಮೊದಲಲ್ಲಿ ಕೇಳಿದ್ರಲ್ಲ, ಆ ಸದ್ದು.

ಅಜ್ಜಿ ಅಳ್ತಾರೆ ಅಂದ್ಕೊಂಡಿದ್ದೆ. ಅಳಲಿಲ್ಲ. ಸ್ವಲ್ಪ ಹೊತ್ತು ಕೇಳಿ, ‘ನಿಮ್ಮಜ್ಜ ನಾಲೆ ಏರಿ ಮ್ಯಾಲೆ ಬರೋವಾಗ್ಲೇ ಗೊತ್ತಾಗೋದು, ಆಗ ರೊಟ್ಟಿ ಹಂಚು ಇಡ್ತಿದ್ದೆ’ ಅಂದ್ರು. ಅವರಿಗೆ ಆ ಸದ್ದು ಗಡಿಯಾರ ಆಗಿತ್ತು.

ಅಣ್ಣ ಅಪ್ಪನ ಕಡೆ ತಿರುಗಿ ಹೇಳಿದ, ‘ಚಿಕ್ಕಪ್ಪ, ಒಂದ್ ರೌಂಡ್ ಹೊಡೀರಿ.’

ಅಪ್ಪ ಬೇಡ ಅಂತ ತಲೆ ಆಡಿಸಿದ್ರು. ಕೈ ಒರೆಸಿಕೊಂಡು ಹಗ್ಗದ ಈಚೆ ಬಂದು ಅಜ್ಜಿ ಪಕ್ಕ ನಿಂತ್ರು. ಹತ್ತಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಸಿನಿಮಾ ಆಗಿದ್ರೆ ಹತ್ತಿರ್ತಿದ್ರು.

ರೌಂಡ್ ಹೊಡೆದಿದ್ದು ಅತ್ತೆ. ಅಪ್ಪನ ಅಕ್ಕ, 66 ವರ್ಷ. ಹುಡುಗಿಯಾಗಿದ್ದಾಗ ಅಜ್ಜ ಹತ್ತೋಕೆ ಬಿಟ್ಟಿರಲಿಲ್ವಂತೆ. ‘ನಲವತ್ತು ವರ್ಷ ಈ ಮ್ಯಾಸ್ಸಿ ಬಾನೆಟ್ ಮ್ಯಾಲೆ ಮೆಣಸಿನಕಾಯಿ ಒಣಗ್ಸೀನಿ, ಸೀಟಿನ ಮ್ಯಾಲೆ ಒಂದಿನ ಕೂತಿಲ್ಲ’ ಅಂತ ಸೆರಗು ಬಿಗಿದು ಹತ್ತಿಬಿಟ್ರು. ಮಾವ ಪಕ್ಕದಲ್ಲಿ ದೂರ ಬಿಟ್ಟು ನಡೀತಾ, ‘ಕ್ಲಚ್ಚು, ಕ್ಲಚ್ಚು’ ಅಂತ ಕೂಗ್ತಾ ಹೋದ್ರು. ಮೊದಲನೇ ಗೇರ್‌ನಲ್ಲಿ ಖಾಲಿ ಗದ್ದೆ ಪೂರ್ತಿ ಒಂದು ಸುತ್ತು. ಇಳಿದು ಬಂದು ಎರಡು ಹೋಳಿಗೆ ಜಾಸ್ತಿ ತಿಂದ್ರು.

ಸಂಜೆ ಎಲ್ಲರೂ ಹೊರಟ ಮೇಲೆ ಅಣ್ಣ ನನ್ನ ಹತ್ರ ಒಂದು ಮಾತು ಹೇಳಿದ. ‘ಅವತ್ತು ನನ್ನನ್ನ ಮಡ್‌ಗಾರ್ಡ್ ಮೇಲೆ ಎತ್ತಿ ಕೂರ್ಸಿದ್ದು ನಮ್ಮಪ್ಪ. ಚಿಕ್ಕಪ್ಪ ಬೇಡ ಅಂದಿದ್ರು. ಇದು ಮನೇಲಿ ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಟ್ಟು ಹೇಳಲ್ಲ.’

ನನಗೆ ಗೊತ್ತಿರಲಿಲ್ಲ. 26 ವರ್ಷ ಅಪ್ಪ ಒಬ್ಬರೇ ಹೊತ್ತುಕೊಂಡಿದ್ದಾರೆ ಅಂದ್ಕೊಂಡಿದ್ದೆ. ದೊಡ್ಡಪ್ಪನೂ ಹೊತ್ತಿದ್ರು. ಒಂದೇ ಭಾರ, ಎರಡು ಮನೇಲಿ.

ಇದನ್ನ ಎಪಿಸೋಡ್‌ನಲ್ಲಿ ಹೇಳ್ಲಾ ಅಂತ ದೊಡ್ಡಪ್ಪನ್ನ ಕೇಳೋಕೆ ನನಗೆ ಮೂರು ವಾರ ಹಿಡೀತು. ಫೋನಲ್ಲಿ ತುಂಬಾ ಹೊತ್ತು ಸುಮ್ಮನಿದ್ರು. ಆಮೇಲೆ, ‘ಹೇಳವ್ವಾ. ಕೇಳ್ದೋರು ಯಾರಾದ್ರೂ ಒಂದು ಹುಡುಗನ್ನ ಕೆಳಗಿಳ್ಸಿದ್ರೆ ಸಾಕು’ ಅಂದ್ರು.

ಎಲ್ಲಾ ಸರಿಹೋಯ್ತಾ? ಇಲ್ಲ. ಬಾವಿ ನೀರಿನ ವಿಷಯದಲ್ಲಿ ಎರಡು ಮನೆಗೂ ಇನ್ನೂ ತಕರಾರಿದೆ. ಆದರೆ ಈಗ ಫೋನ್ ಮಾಡಿ ತಕರಾರು ಮಾಡ್ತಾರೆ. ಗುಜರಿಯವರು ಸೋಮವಾರ ಬಂದ್ರು, ಒಂದು ವರ್ಷ ಬಿಟ್ಟು ಬಾ ಅಂದ್ರಂತೆ ದೊಡ್ಡಪ್ಪ. ತಿಂಗಳಿಗೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಿಸಬೇಕು, ಇಲ್ಲಾಂದ್ರೆ ಮತ್ತೆ ಏರ್ ಹಿಡಿಯುತ್ತೆ ಅಂತ ಅಪ್ಪ ಹೇಳಿದ್ದಾರೆ. ಅದಕ್ಕೆ ಹೋಗ್ತಿರೋದೂ ಅಪ್ಪನೇ. ಹತ್ತಲ್ಲ, ಕೆಳಗೆ ನಿಂತು ನೋಡ್ತಾರೆ. ದೊಡ್ಡಪ್ಪ ಕೀ ತಿರುಗಿಸ್ತಾರೆ.

ಸವಕಳಿ ಕಳೆದು ಉಳಿದ ಆ ಒಂಚೂರು ನಮ್ಮನೇಲಿ ತಿಂಗಳಿಗೆ ಹತ್ತು ನಿಮಿಷ.

ನಿಮ್ಮೂರಲ್ಲೂ ಯಾವುದಾದ್ರೂ ಮರದ ಕೆಳಗೆ ಹಳೇ ಗಾಡಿ ಇದ್ದರೆ, ಗುಜರಿಗೆ ಹಾಕೋ ಮುಂಚೆ ಒಮ್ಮೆ ಮನೆಯವರನ್ನ ಕರೀರಿ. ಹಗ್ಗ ಕಟ್ಟಿ, ಮಕ್ಕಳನ್ನ ಈಚೆ ನಿಲ್ಲಿಸಿ. ಮತ್ತೆ ಇವತ್ತು ಸಂಜೆ ನಿಮ್ಮ ಬೀದೀಲಿ ಯಾರಾದ್ರೂ ಮಗೂನ ಮಡ್‌ಗಾರ್ಡ್ ಮೇಲೆ ಕೂರಿಸ್ಕೊಂಡು ಹೋಗ್ತಿದ್ರೆ, ಸಂಕೋಚ ಬಿಟ್ಟು ಕೂಗಿ ಹೇಳಿ: ಕೆಳಗಿಳಿಸ್ರಿ ಅಂತ.

ನಿಮ್ಮ ಮನೆಯ ಹಳೇ ಗಾಡಿಯ ಸದ್ದು ಇದ್ದರೆ ವಾಯ್ಸ್ ನೋಟ್ ಕಳಿಸಿ, ಮುಂದೆ ಒಂದು ಎಪಿಸೋಡ್‌ನಲ್ಲಿ ಎಲ್ಲಾ ಸೇರಿಸಿ ಕೇಳಿಸ್ತೀನಿ. ಮುಂದಿನ ವಾರ ಸಿಗೋಣ.